ಭಾಸ್ಕರಾಚಾರ್ಯರ ಮಂಗಗಳು

ಅಕ್ಕನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ವರ್ಗ ಸಮೀಕರಣ ಅಂದ್ರೆ ಅವಳಿಗೆ ಭಯವೇನಿಲ್ಲ. ಮಧ್ಯಪದ ಒಡೆದು ಅಪವರ್ತಿಸುತ್ತಾಳೆ, ಆಗದಿದ್ದರೆ ಸೂತ್ರಕ್ಕೆ ಹಾಕುತ್ತಾಳೆ. ಎರಡು ಉತ್ತರ ಬಂದರೆ ಮೈನಸ್ ಇದ್ದದ್ದನ್ನು ಹೊಡೆದು ಹಾಕುತ್ತಾಳೆ. ಯಾಕೆ ಅಂತ ಕೇಳಿದರೆ, "ಮೈನಸ್ ಬಂದ್ರೆ ಬಿಡೋದು ಮಾಮ, ಅಷ್ಟೇ."

ನಿವೇಶನದ ಉದ್ದ, ರೈಲಿನ ವೇಗ, ತಂದೆಯ ವಯಸ್ಸು ಇಂಥ ಲೆಕ್ಕಗಳಲ್ಲಿ ಈ ಅಭ್ಯಾಸ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಅದೇ ತೊಂದರೆ. ದಸರಾ ರಜೆಗೆ ಹೋದಾಗ ಅವಳಿಗೆ ಬೇರೆ ಲೆಕ್ಕ ಕೊಟ್ಟೆ. 12ನೇ ಶತಮಾನದ ಭಾಸ್ಕರಾಚಾರ್ಯರು 'ಬೀಜಗಣಿತ'ದಲ್ಲಿ ಕೊಟ್ಟದ್ದು. ಮಂಗಗಳ ಒಂದು ಹಿಂಡು. ಅದರ ಐದನೇ ಒಂದು ಭಾಗದಲ್ಲಿ 3 ಕಳೆದು, ಬಂದದ್ದನ್ನು ವರ್ಗ ಮಾಡಿದರೆ ಎಷ್ಟೋ ಅಷ್ಟು ಮಂಗಗಳು ಗುಹೆ ಹೊಕ್ಕಿವೆ. ಉಳಿದ ಒಂದು ಕೊಂಬೆ ಮೇಲಿದೆ. ಒಟ್ಟು ಎಷ್ಟು?

ಸಮೀಕರಣ ಮಾಡುವಷ್ಟರಲ್ಲಿ ಸ್ವಲ್ಪ ತಿಣುಕಿದಳು. ಎಕ್ಸ್ ವರ್ಗ ಮೈನಸ್ 55 ಎಕ್ಸ್ ಪ್ಲಸ್ 250, ಸೊನ್ನೆಗೆ ಸಮ. ಆಮೇಲೆ ಸಲೀಸು: 50 ಮತ್ತು 5.

"ಎರಡೂ ಪ್ಲಸ್ಸು!" ಪೆನ್ನು ನಿಂತಿತು.

"ಲೆಕ್ಕಕ್ಕೆ ಹಾಕಿ ನೋಡು ಪುಟ್ಟಿ."

50ರಲ್ಲಿ ಐದನೇ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಕೊಂಬೆಯದ್ದು ಸೇರಿ 50. ಸರಿ. 5ರಲ್ಲಿ ಐದನೇ ಒಂದು ಭಾಗ 1. ಮೂರು ಕಳೆದರೆ ಮೈನಸ್ 2. ವರ್ಗ 4, ಒಂದು ಸೇರಿ 5. ಸಮೀಕರಣಕ್ಕೆ ಇದೂ ಒಪ್ಪಿಗೆಯೇ. ಆದರೆ ಒಂದು ಮಂಗದಲ್ಲಿ ಮೂರು ಮಂಗ ಕಳೆಯುವುದು ಹೇಗೆ? ಭಾಸ್ಕರಾಚಾರ್ಯರೂ ಇದನ್ನು ಬಿಟ್ಟಿದ್ದಾರೆ, ಕಾರಣ ಕೊಟ್ಟೇ. ಇಲ್ಲದ್ದನ್ನು ಜನ ಒಪ್ಪುವುದಿಲ್ಲ ಎಂಬ ಅರ್ಥದ ಮಾತು ಅದು. ವರ್ಗ ಮಾಡಿದಾಗ ಮೈನಸ್ ಅಳಿಸಿಹೋಗುತ್ತದೆ ನೋಡಿ, 5 ಒಳಗೆ ನುಸುಳಿದ್ದು ಅಲ್ಲಿಂದಲೇ.

"ಹಾಗಾದ್ರೆ ಒಂದನ್ನ ಬಿಡಲೇಬೇಕು, ಅಲ್ವಾ?"

ಅದಕ್ಕೂ ಅದೇ ಪುಸ್ತಕದಲ್ಲಿ ಉತ್ತರವಿದೆ. ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಆಡುತ್ತಿವೆ, 12 ಗುಡ್ಡದ ಮೇಲಿವೆ. ಈ ಸಲ ಬೇಗ ಬಿಡಿಸಿದಳು. 16, 48. ತಾನಾಗಿಯೇ ತಾಳೆ ನೋಡಿದಳು. 4ಕ್ಕೆ 12 ಸೇರಿಸಿದರೆ 16. 36ಕ್ಕೆ 12 ಸೇರಿಸಿದರೆ 48. ಎರಡೂ ಸರಿ.

"ಪರೀಕ್ಷೆಗೆ ಬಂದ್ರೆ ಯಾವುದು ಬರೀಲಿ?"

"ಎರಡನ್ನೂ ಬರಿ."

"ನಿಜವಾಗ್ಲೂ ಎಷ್ಟಿದ್ವು ಮಾಮ?"

"ಕೊಟ್ಟಿರೋದು ಇಷ್ಟೇ. ಇಷ್ಟರಲ್ಲಿ ಗೊತ್ತಾಗಲ್ಲ."

ಅವಳಿಗೆ ಈ ಉತ್ತರ ಸ್ವಲ್ಪವೂ ಹಿಡಿಸಲಿಲ್ಲ. ಇನ್ನೊಂದು ಸುಳಿವು ಕೊಟ್ಟಿರಬೇಕಿತ್ತು ಅಂತ ಭಾಸ್ಕರಾಚಾರ್ಯರಿಗೇ ಬೈದಳು.