ಭಾಗಮಂಡಲದ ತೋಡು, ಪಲ್ಪರ್ ನೀರು, ಕಲ್ಲಿನಡಿಯ ಹುಳಗಳು

ಜನವರಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಬೆಂಗಳೂರಿನಿಂದ ರಾತ್ರಿ ಬಸ್ಸು, ಮಡಿಕೇರಿಯ ಚಳಿಯಲ್ಲಿ ಒಂದು ಕಾಫಿ, ಅಲ್ಲಿಂದ ಭಾಗಮಂಡಲಕ್ಕೆ ಇನ್ನೊಂದು ಬಸ್ಸು. ಕಾಫಿ ಕೊಯ್ಲಿನ ಕಾಲ. ದಾರಿಯುದ್ದಕ್ಕೂ ಕಣಗಳಲ್ಲಿ ಹಣ್ಣು ಹರಡಿದ್ದರು, ಕಿಟಕಿ ತೆಗೆದರೆ ಹುಳಿ ವಾಸನೆ. ಭಾಗಮಂಡಲಕ್ಕೆ ಬಂದವರು ಸಂಗಮದಲ್ಲಿ ಮಿಂದು ತಲಕಾವೇರಿಗೆ ಹೋಗುತ್ತಾರೆ. ನಾನು ಹೋಗಿದ್ದು ಭಾವನ ತೋಟದ ಪಕ್ಕದ ತೋಡು ನೋಡಲು. ಸಣ್ಣ ಹಳ್ಳಕ್ಕೆ ಅಲ್ಲಿ ತೋಡು ಅಂತಲೇ ಅನ್ನೋದು.

ಬ್ಯಾಗಿನಲ್ಲಿ ಇದ್ದದ್ದು ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ, ಟೀ ಸೋಸುವ ಜರಡಿ, ಮೆತ್ತನೆಯ ಬ್ರಷ್, ಭೂತಗನ್ನಡಿ. ಇಷ್ಟು ಸಾಕು.

ಮೊದಲ ದಿನ ತೋಟ ದಾಟಿ ಕಾಡು ಶುರುವಾಗುವ ಕಡೆ ಹತ್ತಿದೆ. ನೀರು ಪಾದ ಮುಳುಗುವಷ್ಟೇ, ಆದರೆ ಐಸಿನ ಹಾಗೆ ತಣ್ಣಗೆ. ಅಂಗೈಯಗಲದ ಒಂದು ಕಲ್ಲು ಮಗುಚಿದೆ. ಚಪ್ಪಟೆ ಮೈಯ, ಎರಡು ಬಾಲದ ಹುಳವೊಂದು ಸರ್ರನೆ ಅಂಚಿಗೆ ಓಡಿತು. ಸ್ಟೋನ್‌ಫ್ಲೈ ಅನ್ನೋ ಕೀಟದ ಮರಿ, ರೆಕ್ಕೆ ಬರುವ ತನಕ ನೀರಲ್ಲೇ ಇರುತ್ತದೆ. ತಟ್ಟೆಗೆ ಹಾಕಿದೆ, ಸ್ವಲ್ಪ ಹೊತ್ತಿಗೆ ಅದು ಕಾಲೂರಿ ಮೈಯನ್ನು ಮೇಲೆ ಕೆಳಗೆ ಆಡಿಸತೊಡಗಿತು, ಥೇಟ್ ಗರಡಿಯಲ್ಲಿ ದಂಡ ಹೊಡೆದ ಹಾಗೆ. ಅದರ ಕಿವಿರು ಕಾಲುಗಳ ಬುಡದಲ್ಲಿ ಕುಚ್ಚಿನಂತೆ ಇರುತ್ತದೆ. ತಟ್ಟೆಯ ನಿಂತ ನೀರಿನಲ್ಲಿ ಆಮ್ಲಜನಕ ಸಾಲದೆ, ಕಿವಿರಿಗೆ ನೀರು ತಾಗಲಿ ಅಂತ ಅದು ದಂಡ ಹೊಡೆಯುತ್ತಿತ್ತು. ನೋಡಿ ನನಗೇ ಉಸಿರು ಕಟ್ಟಿದಂತಾಯ್ತು, ತಕ್ಷಣ ನೀರಿಗೆ ಬಿಟ್ಟೆ.

ಅದೇ ಕಲ್ಲಿನಲ್ಲಿ ಮರಳಿನ ಕಣಗಳನ್ನು ರೇಷ್ಮೆಯಂಥ ಎಳೆಯಿಂದ ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್‌ಫ್ಲೈ ಮರಿಗಳಿದ್ದವು, ಮೂರು ಬಾಲದ ಮೇಫ್ಲೈ ಮರಿಗಳೂ ಇದ್ದವು. ಇವು ಕಲ್ಲಿನ ಪಾಚಿ ಕೆರೆದು ತಿನ್ನುತ್ತವೆ, ಬಿದ್ದ ಎಲೆ ಹರಿದು ತಿನ್ನುತ್ತವೆ. ಮೀನು, ಏಡಿ ಇವನ್ನು ತಿನ್ನುತ್ತವೆ. ತೋಡಿನ ಬದುಕು ನಿಂತಿರೋದೇ ಇವುಗಳ ಮೇಲೆ.

ಮರುದಿನ ಕಾಫಿ ಹಣ್ಣು ಸುಲಿಯುವ ಯಂತ್ರ ಪಲ್ಪರ್‌ನಿಂದ ಕೆಳಗಡೆ ನೋಡಿದೆ. ಕಲ್ಲು ಮಗುಚಿದರೆ ಕೈಗೆ ಬೂದು ಬಣ್ಣದ ಲೋಳೆ. ಎರಡು ಬಾಲದ್ದೂ ಇಲ್ಲ, ಮೂರು ಬಾಲದ್ದೂ ಇಲ್ಲ. ಕೆಸರಿನಲ್ಲಿ ಕೆಂಪು ಹುಳಗಳು ಮಾತ್ರ, ಕಿತ್ತೆಸೆದ ದಾರದ ತುಂಡುಗಳ ಹಾಗೆ. ಇವು ಕಚ್ಚದ ಒಂದು ಜಾತಿ ನೊಣದ ಮರಿಗಳು. ನಮ್ಮ ರಕ್ತದಲ್ಲಿರುವಂತೆ ಇವುಗಳಲ್ಲೂ ಹಿಮೋಗ್ಲೋಬಿನ್ ಇದೆ, ಅದಕ್ಕೇ ಆಮ್ಲಜನಕ ಕಡಿಮೆಯಾದರೂ ಬದುಕುತ್ತವೆ. ಯಾವ ಹುಳ ಇದೆ ಅಂತ ನೋಡಿ ನೀರು ಎಷ್ಟು ಚೊಕ್ಕ ಅಂತ ಅಳೆಯುವ, ಬ್ರಿಟನ್ನಿನಲ್ಲಿ ಶುರುವಾದ ಒಂದು ಅಂಕದ ಪದ್ಧತಿಯಿದೆ, ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದನ್ನು ನಮ್ಮ ನದಿಗಳಿಗೆ ಹೊಂದಿಸಿಕೊಂಡಿದೆ. ಮೂಲ ಪದ್ಧತಿಯಲ್ಲಿ ನಾನು ತಟ್ಟೆಯಲ್ಲಿ ನೋಡಿದ ಸ್ಟೋನ್‌ಫ್ಲೈಗೆ 10 ಅಂಕ, ಈ ಕೆಂಪು ಹುಳಕ್ಕೆ 2. ಬಾಟಲಿಯಲ್ಲಿ ಹಿಡಿದ ನೀರು ಆ ಗಳಿಗೆಯ ಕಥೆ ಮಾತ್ರ ಹೇಳುತ್ತದೆ. ತಿಂಗಳುಗಟ್ಟಲೆ ಅಲ್ಲೇ ಇರುವ ಹುಳಕ್ಕೆ ಹಿಂದೆ ಆದದ್ದೂ ಗೊತ್ತು, ಅಲ್ವಾ?

ಪಲ್ಪರ್ ಹಣ್ಣಿನ ಸಿಪ್ಪೆ ತೆಗೆಯುತ್ತದೆ, ಆಮೇಲೆ ಬೀಜದ ಲೋಳೆ ತೊಳೆಯಬೇಕು. ಆ ನೀರಿನ ತುಂಬ ಸಕ್ಕರೆ ಅಂಶ. ಅದು ತೋಡಿಗೆ ಬಿದ್ದರೆ ಸೂಕ್ಷ್ಮಜೀವಿಗಳು ತಿಂದು ಬೆಳೆಯುತ್ತವೆ, ಬೆಳೆಯುತ್ತಾ ಆಮ್ಲಜನಕ ಮುಗಿಸುತ್ತವೆ. ಜುಲೈಯಲ್ಲಾದರೆ ತುಂಬಿ ಹರಿಯುವ ತೋಡು ಅದನ್ನು ಎಲ್ಲಿಗೋ ಕೊಚ್ಚಿಕೊಂಡು ಹೋಗುತ್ತಿತ್ತು. ಆದರೆ ಕೊಯ್ಲು ಬರೋದು ನೀರು ಇಳಿಯುವ ಹೊತ್ತಿಗೆ. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟವಾಗಿದ್ದು ಇದೇ. ಇದರ ಹಿಂದೆಯೇ ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್‌ಗೆ ಪಂಪು ಇಳಿಸುತ್ತಾರೆ, ಉಳಿದ ನೀರೂ ಹೋಗುತ್ತದೆ. ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಔಷಧಿ ಗಿಡಗಳಿಗೆ ಹೊಡೆದು ಡ್ರಮ್ಮು ತೊಳೆಯೋದೂ ತೋಡಿನಲ್ಲೇ. ಮೈಲುತುತ್ತದ ತಾಮ್ರ ಈ ಹುಳಗಳಿಗೆ ವಿಷ. ತೋಟದ ರಸ್ತೆ ಅಗೆದ ಮಣ್ಣು ಬಂದು ಕಲ್ಲುಗಳ ಸಂದಿ ಮುಚ್ಚಿದರೆ ಅವಕ್ಕೆ ಇರಲು ಜಾಗವೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಭಾವನಿಗೆ ಹೇಳಿದೆ. "ಪಲ್ಪರ್ ನೀರಿಗೆ ಹೊಂಡ ತೋಡಿಸಿದ್ದೀನಲ್ಲ ಮಾರಾಯ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಣ್ಣು ಜೋರು ಬಂದಾಗ ಹೊಂಡ ತುಂಬಿ ಹರಿಯೋದು ನಿಜ," ಅಂತ ಅವರೇ ಒಪ್ಪಿಕೊಂಡರು. ಕಡಿಮೆ ನೀರಿನಲ್ಲಿ ಲೋಳೆ ತೆಗೆಯುವ ಮೆಷಿನ್ ಬಗ್ಗೆ ಅವರಿಗೆ ಗೊತ್ತು, ದುಡ್ಡಿನದೇ ಚಿಂತೆ. "ಹೋದ ಹುಳ ಮತ್ತೆ ಬರ್ತದಾ?" ಅಂತ ಕೇಳಿದರು. ಬರುತ್ತವೆ ಭಾವ, ಅಂದೆ. ಮೇಲಿನಿಂದ ಮರಿಗಳು ನೀರಿನಲ್ಲಿ ತೇಲಿ ಇಳಿಯುತ್ತವೆ, ರೆಕ್ಕೆ ಬಂದವು ಹಾರಿ ಬಂದು ಮೊಟ್ಟೆ ಇಡುತ್ತವೆ. ಆದರೆ ಮೇಲೆ ಆ ಕಾಡು ಇರಬೇಕು, ಕೆಳಗೆ ಉಸಿರಾಡುವಂಥ ನೀರು ಇರಬೇಕು.

ಹೊರಡುವ ದಿನ ಬೆಳಿಗ್ಗೆ ಭಾವ ತಾವೇ ಭೂತಗನ್ನಡಿ ತಗೊಂಡು ಬಂದರು. ಪಲ್ಪರ್‌ನಿಂದ ತುಂಬ ಕೆಳಗೆ, ಇನ್ನೊಂದು ಸಣ್ಣ ತೋಡು ಬಂದು ಸೇರುವ ಕಡೆ ಪ್ಯಾಂಟು ಮಡಚಿ ಇಳಿದರು. ಏಳೆಂಟು ಕಲ್ಲು ಮಗುಚಿದ ಮೇಲೆ ಒಂದನ್ನು ಕಣ್ಣಿನ ಹತ್ತಿರ ಹಿಡಿದು ಕೂಗಿದರು, "ಇಲ್ಲೊಂದು ಉಂಟು! ಬಾಲ ಎರಡಾ, ಮೂರಾ ನೋಡು."

ಮೂರು ಇತ್ತು. ಕಲ್ಲನ್ನು ಇದ್ದ ಮಗ್ಗುಲಿಗೇ ತಿರುಗಿಸಿ ನೀರಿನಲ್ಲಿಟ್ಟರು.