ಮಲ್ಲಿತಮ್ಮನ ವಯಸ್ಸೆಷ್ಟು?

ಹೊಯ್ಸಳರ ಕಾಲದ ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯಲ್ಲಿ ಮಲ್ಲಿತಮ್ಮ ಮೊದಲಾದ ಶಿಲ್ಪಿಗಳ ಸಹಿ ಹುಡುಕುವವರು ವಿಗ್ರಹದ ಮುಖ ನೋಡುತ್ತ ನಿಂತರೆ ಏನೂ ಸಿಗದು. ಕಣ್ಣು ಪಾದದಡಿಯ ಪೀಠಕ್ಕೆ ಇಳಿಯಬೇಕು. ಮೈಸೂರಿನಿಂದ ಸುಮಾರು 35 ಕಿಲೋಮೀಟರ್. ಬೆಳಿಗ್ಗೆಯೇ ಹೊರಟು ಒಂದು ಪೂರ್ತಿ ದಿನ ಇಟ್ಟುಕೊಳ್ಳುವುದು ಮೇಲು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಗರ್ಭಗುಡಿಗಳ ಹಿಂಭಾಗಕ್ಕೆ ಓರೆಬಿಸಿಲು ಬೀಳುವುದು ಮಧ್ಯಾಹ್ನ ಇಳಿದ ಮೇಲೆ. ನೆತ್ತಿಯ ಬಿಸಿಲಲ್ಲಿ ಅಕ್ಷರ ಕಲ್ಲಿನೊಳಗೇ ಅಡಗಿಬಿಡುತ್ತದೆ.

ಟಾರ್ಚನ್ನು ಎದುರಿನಿಂದ ಹಿಡಿಯಬಾರದು. ಗೋಡೆಗೆ ಸಮೀಪವಾಗಿ, ಪಕ್ಕದಿಂದ, ಮೊದಲು ಎಡಕ್ಕೆ ಆಮೇಲೆ ಬಲಕ್ಕೆ ಹಿಡಿದು ಎರಡೂ ಸಲ ಫೋಟೋ ತೆಗೆಯಬೇಕು. ಮೂರನೆಯದು ಇಡೀ ವಿಗ್ರಹದ್ದು, ಇಲ್ಲದಿದ್ದರೆ ಮನೆಗೆ ಬಂದಮೇಲೆ ಯಾವ ಪೀಠ ಯಾವ ದೇವರದು ಎಂಬುದೇ ಕಲಸಿಹೋಗುತ್ತದೆ. ಉಳಿ ಕೊರೆದ ಗೆರೆಗೆ ಅಂಚು ಇರುತ್ತದೆ, ಅಕ್ಷರ ಮುಗಿದಲ್ಲಿ ಅದೂ ನಿಲ್ಲುತ್ತದೆ. ಬಿರುಕು ಹಾಗಲ್ಲ, ಅಕ್ಷರವನ್ನು ದಾಟಿ ಮುಂದೆ ಓಡುತ್ತದೆ. ಒಂದೇ ಬೆಳಕಿನಲ್ಲಿ ನೋಡಿದವರಿಗೆ ಬಿರುಕೇ ಕೊಂಬಾಗಿ, ದೀರ್ಘವಾಗಿ ಕಂಡು ಹೆಸರು ಬದಲಾಗುವುದುಂಟು. ಸೀಮೆಸುಣ್ಣ, ಹಿಟ್ಟು ಉಜ್ಜುವುದಂತೂ ಕೂಡದು. ಕಲ್ಲಿಗೆ ಪೆಟ್ಟು ಎಂಬುದು ಒಂದು ಕಾರಣ. ಉಜ್ಜಿದವನ ಓದೇ ಮುಂದಿನವರಿಗೆ ಶಾಸನವಾಗಿಬಿಡುತ್ತದೆ ಎಂಬುದು ಇನ್ನೊಂದು.

ಇಲ್ಲಿ ಅತಿ ಹೆಚ್ಚು ಕಾಣುವ ಹೆಸರು ಮಲ್ಲಿತಮ್ಮ. ಕೆಲವೆಡೆ ಪೂರ್ತಿ, ಕೆಲವೆಡೆ ‘ಮಲ್ಲಿ’, ಇನ್ನು ಕೆಲವೆಡೆ ಬರೀ ‘ಮ’. ಇದೇ ಗುಡಿಯಲ್ಲಿ ಮಸಣಿತಮ್ಮ ಎಂಬ ಶಿಲ್ಪಿಯೂ ಕೆಲಸ ಮಾಡಿದ್ದಾನೆ. ಹಾಗಾದರೆ ಒಂಟಿ ‘ಮ’ ಯಾರದು? ಅದನ್ನು ಕಣ್ಣುಮುಚ್ಚಿ ಮಲ್ಲಿತಮ್ಮನ ಲೆಕ್ಕಕ್ಕೆ ಬರೆದ ಕ್ಷಣವೇ ಕಲಾ ಇತಿಹಾಸದೊಳಗೆ ಕತೆ ಕಾಲಿಡುತ್ತದೆ.

ಮಲ್ಲಿತಮ್ಮನ ಹೆಸರು 1196ರ ಅಮೃತಪುರದ ಗುಡಿಯಲ್ಲಿದೆ, 1246ರ ನುಗ್ಗೇಹಳ್ಳಿಯ ಗುಡಿಯಲ್ಲಿದೆ, 1268ರ ಸೋಮನಾಥಪುರದಲ್ಲೂ ಇದೆ. ಮೊದಲಿನಿಂದ ಕೊನೆಗೆ 72 ವರ್ಷ. ಅಮೃತಪುರದಲ್ಲಿ ಉಳಿ ಹಿಡಿದ ಹುಡುಗ ಸೋಮನಾಥಪುರದಲ್ಲಿ ಹಿರಿಯ ರೂವಾರಿಯಾದ ಎಂದು ಬರೆದರೆ ಓದಲು ಎಷ್ಟು ಸೊಗಸು! ಆದರೆ 1196ರಲ್ಲಿ ಅವನಿಗೆ ಹದಿನೈದು ಎಂದಿಟ್ಟರೂ ಇಲ್ಲಿಗೆ ಬರುವಾಗ 87. ಅಸಾಧ್ಯವಲ್ಲ, ಸರಿ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ನಾಡಿನಲ್ಲಿ ಇಬ್ಬರು ಮಲ್ಲಿತಮ್ಮರೂ ಇರಬಹುದಲ್ಲ? ಒಡವೆಯ ಕುಸುರಿ ಹೋಲಿಸಿ ಕೈ ಗುರುತಿಸುತ್ತೇವೆ ಎನ್ನುವವರಿದ್ದಾರೆ. ಆದರೆ ಈ ಗುಡಿಗಳ ಬಳಪದ ಕಲ್ಲು ಹೊಸದರಲ್ಲಿ ಮೆದು, ಯಾರು ಬೇಕಾದರೂ ನಯಗೆಲಸ ಮುಗಿಸಿಕೊಡಬಹುದು. ಒಂದು ವಿಗ್ರಹಕ್ಕೆ ಒಂದೇ ಕೈ ಎಂಬುದೂ ಊಹೆಯೇ. ಊಹೆ ತಪ್ಪಲ್ಲ. ಮೊದಲ ಲೇಖನದ ‘ಇದ್ದಿರಬಹುದು’ ಎರಡನೆಯದರಲ್ಲಿ ‘ಇದ್ದ’ ಆಗುತ್ತದಲ್ಲ, ಅಲ್ಲಿದೆ ತೊಂದರೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಕಲ್ಲಿನ ಮೇಲಿರುವುದನ್ನು ಎಡಪುಟದಲ್ಲೂ ನಮ್ಮ ತರ್ಕವನ್ನು ಬಲಪುಟದಲ್ಲೂ ಬರೆಯುವುದೇ ಕ್ಷೇಮ.

ದಂತಕತೆಯ ಶಿಲ್ಪಿ ಜಕಣಾಚಾರಿಯ ಕತೆ ಇದಕ್ಕಿಂತ ಪ್ರಾಮಾಣಿಕ, ಏಕೆಂದರೆ ಅದು ಕತೆಯಾಗಿಯೇ ಬಂದದ್ದು. 1117ರ ಬೇಲೂರಿನಿಂದ ಸೋಮನಾಥಪುರಕ್ಕೆ 151 ವರ್ಷ. ಎರಡನ್ನೂ ಅವನೇ ಕೆತ್ತಿದನೆಂಬುದು ಇತಿಹಾಸವಾಗಿ ನಿಲ್ಲುವುದಿಲ್ಲ. ಬೇಲೂರಿನ ಪೀಠಗಳಲ್ಲಿರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರು. ಆದರೆ ಅದೇ ಕತೆಯಲ್ಲಿ ವಿಗ್ರಹದ ಹೊಟ್ಟೆಯಿಂದ ಕಪ್ಪೆ ಹೊರಬಂದ ಪ್ರಸಂಗ ನೋಡಿ. ಒಳಗೆ ಪೊಳ್ಳಿರುವ ಕಲ್ಲನ್ನು ಆರಿಸಿಬಿಟ್ಟರೆ ಗತಿಯೇನು ಎಂಬ ಆತಂಕ ಕಲ್ಲುಕುಟಿಗರದೇ. ತಟ್ಟಿ, ಸದ್ದು ಕೇಳಿ ಕಲ್ಲು ಪರೀಕ್ಷಿಸುವವರಿಗೆ ಆ ಭಯ ಗೊತ್ತು. ಬರೀ ಹೆಸರು ಹೇಳುವ ಪೀಠಗಳಲ್ಲಿ ಅದು ಸಿಗುವುದಿಲ್ಲ.

ಕಾದಂಬರಿಕಾರರಿಗೆ ಸೋಮನಾಥಪುರದಲ್ಲಿ ಬೇಕಾದಷ್ಟು ಕೆಲಸವಿದೆ. ಮಲ್ಲಿತಮ್ಮನ ಜೊತೆಗೆ ಪಲ್ಲವಾಚಾರಿ, ಚೋಳವಾಚಾರಿ ಎಂಬ ಹೆಸರುಗಳೂ ಇಲ್ಲಿವೆ. ಇವರು ತಮಿಳು ಸೀಮೆಯಿಂದ ಬಂದವರೆಂದು ಹೆಸರಿನಿಂದಲೇ ಊಹಿಸುತ್ತಾರೆ. ಅಕ್ಕಪಕ್ಕ ಕೂತು ಕೆತ್ತುವಾಗ ಯಾವ ಭಾಷೆಯಲ್ಲಿ ಮಾತಾಡಿದರು, ಅಳತೆ ಹೇಗೆ ಹೇಳಿಕೊಂಡರು, ಊಟ ಒಟ್ಟಿಗಿತ್ತೇ? ಇತಿಹಾಸಕಾರ ಇದನ್ನು ಬರೆಯಲಾರ. ಕಾದಂಬರಿಕಾರ ಬರೆಯಬೇಕು, ಮುಖಪುಟದ ಮೇಲೆ ‘ಕಾದಂಬರಿ’ ಎಂದು ದಪ್ಪಕ್ಷರದಲ್ಲಿ ಹಾಕಿ.