ಉಚಿತ ಡೆಲಿವರಿಗೆ ಇನ್ನು 80 ಬಾಕಿ

ಸಂಜೆ ಏಳರ ಹೊತ್ತು. ಎಣ್ಣೆ ಡಬ್ಬಿ ತಳ ಕಂಡಿದೆ, ಬೆಳಗ್ಗೆಗೆ ಹಾಲಿಲ್ಲ. ಫೋನ್ ತೆಗೆದು ಏಳೆಂಟು ಸಾಮಾನು ಕಾರ್ಟ್‌ಗೆ ಹಾಕುವಷ್ಟರಲ್ಲಿ ಮೊತ್ತ 420ಕ್ಕೆ ಬಂದು ನಿಂತಿದೆ. ಪರದೆಯ ಕೆಳಗೆ ಹಸಿರು ಪಟ್ಟಿಯೊಂದು ಮಿನುಗುತ್ತದೆ: ‘ಇನ್ನು 80ರ ಸಾಮಾನು ಸೇರಿಸಿ, ಡೆಲಿವರಿ ಉಚಿತ.’ ಆನ್‌ಲೈನ್ ದಿನಸಿಯಲ್ಲಿ ದುಡ್ಡು ಸೋರುವ ಜಾಗಗಳಲ್ಲಿ ಇದು ದೊಡ್ಡದು. ಡೆಲಿವರಿ ಚಾರ್ಜ್ ಕಣ್ಣಿಗೆ ಕುಕ್ಕುತ್ತದೆ. ಅದನ್ನು ತಪ್ಪಿಸಲು ಹೋಗಿ ಕಳೆದುಕೊಂಡದ್ದು ಬಿಲ್‌ನಲ್ಲಿ ಎಲ್ಲಿಯೂ ಕಾಣುವುದಿಲ್ಲ. ರೂಪಾಯಿಯಾಗಲಿ ಡಾಲರ್ ಆಗಲಿ ಲೆಕ್ಕದ ದಾರಿ ಒಂದೇ, ಆದ್ದರಿಂದ ಇಲ್ಲಿ ಬರೀ ಅಂಕಿ ಸಾಕು.

ಮೊದಲು ಬಿಲ್ ಬಿಡಿಸಿ ನೋಡಬೇಕು. ಮೊತ್ತದ ಪಕ್ಕದ ಸಣ್ಣ ಬಾಣ ಒತ್ತಿದರೆ ತೆರೆದುಕೊಳ್ಳುತ್ತದೆ. ಸಾಮಾನು 420, ಡೆಲಿವರಿ 35, ಹ್ಯಾಂಡ್ಲಿಂಗ್ 10, ಚೀಲಕ್ಕೆ 5. ಒಟ್ಟು 470. ಈಗ ಪಟ್ಟಿಯ ಮಾತು ಕೇಳಿ 90ರ ಬಿಸ್ಕತ್ತು ಸೇರಿಸಿದರೆ ಸಾಮಾನು 510 ಆಗುತ್ತದೆ, ಡೆಲಿವರಿ ಸೊನ್ನೆಯಾಗುತ್ತದೆ. ಹ್ಯಾಂಡ್ಲಿಂಗ್, ಚೀಲ ಹಾಗೇ ಉಳಿದು ಒಟ್ಟು 525. ಅಂದರೆ ಜೇಬಿನಿಂದ 55 ಹೆಚ್ಚು ಹೋಯಿತು, 90ರ ಬಿಸ್ಕತ್ತು ಮನೆಗೆ ಬಂತು. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಬಿಸ್ಕತ್ತನ್ನು ಯಾರಾದರೂ 55ಕ್ಕೆ ಕೊಟ್ಟರೆ ಈಗ ಕೊಳ್ಳುತ್ತಿದ್ದೆವೋ ಇಲ್ಲವೋ? ಇಲ್ಲ ಅನ್ನುವುದಾದರೆ 35 ಕೊಟ್ಟು ಸುಮ್ಮನಾಗುವುದೇ ಅಗ್ಗ. ಅದರ ಬದಲು ಮುಂದಿನ ವಾರ ಹೇಗೂ ತರಬೇಕಿದ್ದ ಬಟ್ಟೆ ಸೋಪು ಸೇರಿಸಿದ್ದರೆ 35 ನಿಜವಾಗಿಯೂ ಉಳಿಯುತ್ತಿತ್ತು.

ಕೊರತೆ ಡೆಲಿವರಿ ಚಾರ್ಜಿಗಿಂತ ಕಡಿಮೆ ಇದ್ದಾಗ ಮಾತ್ರ ಯೋಚನೆ ಬೇಡ. 470ರ ಕಾರ್ಟ್‌ಗೆ 30 ಬಾಕಿ, ಚಾರ್ಜ್ 35 ಎಂದಿಟ್ಟುಕೊಳ್ಳಿ. 30ರ ಉಪ್ಪು ಸೇರಿಸಿದರೆ ಉಪ್ಪೂ ಬಂತು, ಬಿಲ್ ಕೂಡ 5 ಇಳಿಯಿತು. ಕೊರತೆ ಚಾರ್ಜಿಗಿಂತ ಜಾಸ್ತಿ ಇದ್ದರೆ ಕೆಡದ ಸಾಮಾನು ಮಾತ್ರ ಸೇರಿಸಬೇಕು: ಉಪ್ಪು, ಸೋಪು, ಪಾತ್ರೆ ತೊಳೆಯುವ ಪುಡಿ, ಕಸದ ಚೀಲ. ಇಂಥ ನಾಲ್ಕೈದು ಸಾಮಾನಿನ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡರೆ ಒಳ್ಳೆಯದು. ಯಾಕೆಂದರೆ ಆ ಹಸಿರು ಪಟ್ಟಿಯ ಕೆಳಗೇ ಆಪ್ ತನ್ನದೊಂದು ಸಾಲು ತೋರಿಸುತ್ತದೆ. ಅದರಲ್ಲಿ ಚಿಪ್ಸ್, ಚಾಕೊಲೆಟ್, ತಂಪು ಪಾನೀಯಗಳೇ ಹೆಚ್ಚು, ಉಪ್ಪು ಕಾಣುವುದು ಅಪರೂಪ. ಹಣ್ಣು ತರಕಾರಿಯಿಂದ ಕೊರತೆ ತುಂಬುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಅರ್ಧ ಕೊಳೆತು ಕಸಕ್ಕೆ ಹೋದರೆ ಉಳಿತಾಯವೂ ಅದರ ಜೊತೆಗೇ ಹೋದಂತೆ.

ಕೂಪನ್ ಹಾಕಿದ ತಕ್ಷಣ ಲೆಕ್ಕ ಮತ್ತೆ ತಿರುಗುತ್ತದೆ. 500ರ ಮೇಲೆ 60 ಕಡಿತ ಎಂಬ ಕೂಪನ್ ಇದೆ, ಕಾರ್ಟ್ 510. ಕೂಪನ್ ಹಾಕಿದರೆ ಮೊತ್ತ 450 ಆಗುತ್ತದೆ. ಉಚಿತ ಡೆಲಿವರಿಯ ಮಿತಿಯನ್ನು ಕಡಿತಕ್ಕೆ ಮೊದಲಿನ ಮೊತ್ತಕ್ಕೆ ನೋಡುವ ಆಪ್‌ಗಳಿವೆ, ಕಡಿತದ ನಂತರದ ಮೊತ್ತಕ್ಕೆ ನೋಡುವವೂ ಇವೆ. ಎರಡನೆಯ ಜಾತಿಯದಾದರೆ 35 ಮರಳಿ ಬಂದು ಕೂತು, 60ರ ಕೂಪನ್ 25ಕ್ಕೆ ಇಳಿಯುತ್ತದೆ. ಕೆಲವು ಕಡೆ ಹಾಲು, ಎಣ್ಣೆಯಂಥ ಸಾಮಾನನ್ನು ಕೂಪನ್ನಿನ ಮಿತಿಗೆ ಸೇರಿಸುವುದೇ ಇಲ್ಲ. ನಿಯಮ ಓದುತ್ತಾ ಕೂರುವ ಬದಲು ಕೂಪನ್ ಹಾಕಿ ಕೊನೆಯ ಮೊತ್ತ ನೋಡಿ, ತೆಗೆದು ಮತ್ತೆ ನೋಡಿ. ‘ನೀವು ಇಷ್ಟು ಉಳಿಸಿದಿರಿ’ ಎಂದು ಬಣ್ಣದಲ್ಲಿ ಬರುವ ಅಂಕಿಯನ್ನು ಪೂರ್ತಿ ಮರೆತುಬಿಡಿ. ಅದನ್ನು ಎಣಿಸುವುದು ಮುದ್ರಿತ ಬೆಲೆಯಿಂದ. ಆ ಬೆಲೆಗೆ ಆ ಸಾಮಾನು ಎಲ್ಲಿಯೂ ಮಾರಾಟ ಆಗದಿದ್ದರೂ ‘ಉಳಿತಾಯ’ ಮಾತ್ರ ಭರ್ತಿ ಇರುತ್ತದೆ.

ಅಷ್ಟಕ್ಕೂ ಆ 35 ಎಲ್ಲಿಂದ ಬಂತು? ಕಪಾಟಿನಿಂದ ಸಾಮಾನು ಆರಿಸುವವರು, ಚೀಲಕ್ಕೆ ತುಂಬುವವರು, ಮನೆ ಬಾಗಿಲಿಗೆ ತರುವವರು, ಎಲ್ಲರ ಸಮಯಕ್ಕೂ ದುಡ್ಡು. ದುಬಾರಿಯಾದದ್ದು ಕೊನೆಯ ಹೆಜ್ಜೆ. ತರುವವರ ಒಂದು ಗಂಟೆಗೆ ವಾಹನ, ಇಂಧನ ಎಲ್ಲ ಸೇರಿ 200 ಖರ್ಚು ಎಂದುಕೊಂಡರೆ, ಆ ಗಂಟೆಯಲ್ಲಿ ಎರಡು ಮನೆ ಮುಟ್ಟಿದರೆ ಮನೆಗೆ 100, ಐದು ಮನೆ ಮುಟ್ಟಿದರೆ 40. ಒಂದೇ ಬೀದಿಯಲ್ಲಿ ಎಷ್ಟು ಆರ್ಡರ್ ಸಿಗುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಲ್ಲರೂ ಒಟ್ಟಿಗೆ ಕೇಳುವ ಸಂಜೆಯ ಸ್ಲಾಟ್ ದುಬಾರಿಯಾಗಿ, ವಾರದ ನಡುವಿನ ಮಧ್ಯಾಹ್ನದ ಸ್ಲಾಟ್ ಅಗ್ಗವಾಗಿ ಸಿಗುವುದೂ ಇದರಿಂದಲೇ: ಸಂಜೆ ತರುವವರ ಕೈ ಖಾಲಿ ಇಲ್ಲ, ಮಧ್ಯಾಹ್ನ ಇದೆ. ಕಾಯಲು ತೊಂದರೆಯಿಲ್ಲದಿದ್ದರೆ ಎರಡು ಗಂಟೆಯ ಅಗಲದ ಸ್ಲಾಟ್ ಆರಿಸಿಕೊಳ್ಳಿ. ಅದರಲ್ಲಿ ನಿಮ್ಮ ಮನೆಯನ್ನು ಇನ್ನಾರದೋ ದಾರಿಗೆ ಸೇರಿಸಿಕೊಳ್ಳಲು ಅವರಿಗೆ ಜಾಗ ಇರುತ್ತದೆ, ಚಾರ್ಜೂ ಇಳಿಯುತ್ತದೆ.

ದಿನಸಿ ವ್ಯಾಪಾರದ ನಿವ್ವಳ ಲಾಭ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರರ ಆಸುಪಾಸು. 420ರ ಬುಟ್ಟಿಯಲ್ಲಿ ಅದು ಹತ್ತರ ಸುತ್ತ ಮುಗಿಯುತ್ತದೆ. ಮನೆಗೆ ಮುಟ್ಟಿಸಲು ಅದರ ಹಲವು ಪಟ್ಟು ಬೇಕು. ಹಾಗಾಗಿ ‘ಉಚಿತ’ ಎಂದಾಗ ದುಡ್ಡು ಬೇರೆ ಬಾಗಿಲಿನಿಂದ ಬರುತ್ತಿದೆ ಎಂದೇ ಅರ್ಥ: ಸಾಮಾನಿನ ಬೆಲೆಯಲ್ಲಿ, ಕಂಪನಿಗಳು ಜಾಹೀರಾತಿಗೆ ಕೊಡುವುದರಲ್ಲಿ, ಹ್ಯಾಂಡ್ಲಿಂಗ್ ಎಂಬ ಹೆಸರಿನಲ್ಲಿ, ಅಥವಾ ಹೂಡಿಕೆದಾರರ ಜೇಬಿನಿಂದ. ಕೊನೆಯದು ಎಷ್ಟು ದಿನ ಬಾಳುತ್ತದೆ ಎಂಬುದಕ್ಕೆ ಅಮೆರಿಕದ ವೆಬ್‌ವ್ಯಾನ್ ಹಳೆಯ ಉದಾಹರಣೆ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಮನೆಗೆ ದಿನಸಿ ಮುಟ್ಟಿಸಲು ಶುರುಮಾಡಿದ ಈ ಕಂಪನಿ, ಗಿರಾಕಿ ಹೇಳಿದ ಅರ್ಧ ಗಂಟೆಯ ಅವಧಿಯೊಳಗೇ ಬರುತ್ತೇವೆಂದು ಮಾತು ಕೊಟ್ಟಿತ್ತು. ಯಂತ್ರಗಳು ತುಂಬಿದ ದೊಡ್ಡ ದೊಡ್ಡ ಗೋದಾಮು ಕಟ್ಟಿತು. ಅವುಗಳನ್ನು ತುಂಬುವಷ್ಟು ಆರ್ಡರ್ ಬರಲಿಲ್ಲ, 2001ರ ಜುಲೈಯಲ್ಲಿ ಬಾಗಿಲು ಹಾಕಿತು. ಅಂದಹಾಗೆ ಮನೆಯಿಂದಲೇ ದಿನಸಿ ತರಿಸುವುದು ವೆಬ್‌ಗಿಂತ ಹಳೆಯದು. 1984ರಲ್ಲೇ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 72ರ ಜೇನ್ ಸ್ನೋಬಾಲ್ ಎಂಬ ಅಜ್ಜಿ ಟಿವಿ ರಿಮೋಟ್ ಒತ್ತಿ ಟೆಸ್ಕೊ ಅಂಗಡಿಯಿಂದ ಮೊಟ್ಟೆ, ಕಾರ್ನ್‌ಫ್ಲೇಕ್ಸ್, ಮಾರ್ಗರೀನ್ ತರಿಸಿಕೊಂಡಿದ್ದರು.

ಮತ್ತೆ ನಮ್ಮ ಕಾರ್ಟ್‌ಗೆ ಬರೋಣ. ಸಾಮಾನಿನ ಬೆಲೆಯೊಳಗೆ ಅಡಗಿದ್ದನ್ನು ಹಿಡಿಯಲು ಒಂದೇ ಉಪಾಯ, ಕಿಲೋ ಲೆಕ್ಕ. ಯುರೋಪಿನ ಒಕ್ಕೂಟದಲ್ಲಿ ಪೊಟ್ಟಣದ ಬೆಲೆಯ ಜೊತೆ ಕಿಲೋ ಅಥವಾ ಲೀಟರಿನ ಬೆಲೆಯನ್ನೂ ತೋರಿಸಬೇಕೆಂದು 1998ರಲ್ಲೇ ನಿರ್ದೇಶನ ಬಂದಿತ್ತು. ಆಪ್‌ನಲ್ಲಿ ಅದು ಕಾಣದಿದ್ದರೆ ಫೋನಿನ ಕ್ಯಾಲ್ಕುಲೇಟರ್ ಇದ್ದೇ ಇದೆ. ಎಣ್ಣೆಯನ್ನೇ ನೋಡಿ. ಒಂದು ಪೊಟ್ಟಣ 140, ಇನ್ನೊಂದು 145. ಕೈ 140ರ ಕಡೆ ಹೋಗುತ್ತದೆ. ಮೊದಲನೆಯದರ ಮೇಲೆ 870 ಗ್ರಾಂ ಎಂದಿದೆ, ಎರಡನೆಯದರ ಮೇಲೆ 1 ಲೀಟರ್. ಅಡುಗೆ ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ತೂಗುವುದು ಸುಮಾರು 910 ಗ್ರಾಂ. 140ನ್ನು 0.87ರಿಂದ ಭಾಗಿಸಿದರೆ ಕಿಲೋಗೆ 161; 145ನ್ನು 0.91ರಿಂದ ಭಾಗಿಸಿದರೆ 159. ಅಗ್ಗವಾಗಿ ಕಂಡದ್ದೇ ದುಬಾರಿ. ಗ್ರಾಂ ಒಂದು ಕಡೆ, ಮಿಲಿಲೀಟರ್ ಒಂದು ಕಡೆ ಇದ್ದಾಗಲೆಲ್ಲ ಹೀಗೆ ಒಮ್ಮೆ ಭಾಗಿಸಿ ನೋಡಲೇಬೇಕು. ‘ಎರಡರ ಜೋಡಿ’ ಪೊಟ್ಟಣಗಳಿಗೂ ಇದೇ ಮದ್ದು. ಬಿಡಿಯಾಗಿ ಎರಡು ಕೊಂಡದ್ದಕ್ಕಿಂತ ಜೋಡಿಯೇ ದುಬಾರಿಯಾದದ್ದೂ ಉಂಟು.

ಬೆಲೆ ಹೋಲಿಸುವ ಮೊದಲು ವಿಳಾಸ ಸರಿ ಮಾಡಿಕೊಳ್ಳಿ. ಕಚೇರಿಯ ವಿಳಾಸದಲ್ಲಿ ಕಾರ್ಟ್ ತುಂಬಿ ಕೊನೆಗೆ ಮನೆಗೆ ಬದಲಾಯಿಸಿದರೆ ಸಾಮಾನು ಹೊರಡುವ ಗೋದಾಮೇ ಬದಲಾಗಬಹುದು, ಅದರ ಜೊತೆ ಬೆಲೆ, ದಾಸ್ತಾನು, ಚಾರ್ಜ್ ಎಲ್ಲವೂ. ಬೆಳಗ್ಗೆ ಕಾರ್ಟ್‌ಗೆ ಹಾಕಿಟ್ಟು ರಾತ್ರಿ ದುಡ್ಡು ಕಟ್ಟುವವರು ಇನ್ನೊಂದು ನೆನಪಿಡಬೇಕು. ಕಾರ್ಟ್ ಸಾಮಾನಿನ ಹೆಸರನ್ನು ಹಿಡಿದಿಡುತ್ತದೆ, ಬೆಲೆಯನ್ನಲ್ಲ.

ದುಡ್ಡು ಕಟ್ಟುವ ಪುಟದಲ್ಲಿ ಕೇಳದೆ ಸೇರಿಕೊಂಡದ್ದು ಏನಾದರೂ ಇದೆಯೇ ನೋಡಿ: ದೇಣಿಗೆ, ಟಿಪ್ಸ್, ಸದಸ್ಯತ್ವದ ಟಿಕ್. ಟಿಪ್ಸ್ ಕೊಡುವುದು ಒಳ್ಳೆಯದೇ, ಆದರೆ ನೀವಾಗಿ ಕೊಡಬೇಕು. ಮೊದಲು ಒಂದು ಬೆಲೆ ತೋರಿಸಿ ಕೊನೆಯ ಪುಟದಲ್ಲಿ ಶುಲ್ಕಗಳನ್ನು ತೊಟ್ಟಿಕ್ಕಿಸುವುದು, ಕಾರ್ಟ್‌ಗೆ ಕಳ್ಳತನದಲ್ಲಿ ಸಾಮಾನು ಸೇರಿಸುವುದು, ಇವೆರಡನ್ನೂ ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಮೋಸದ ವಿನ್ಯಾಸಗಳಲ್ಲಿ ಸೇರಿಸಿದೆ.

ಸದಸ್ಯತ್ವ ತಗೊಳ್ಳಬೇಕೋ ಬೇಡವೋ ಎಂದು ಕೇಳುವವರು ತಿಂಗಳ ಶುಲ್ಕವನ್ನು ಡೆಲಿವರಿ ಚಾರ್ಜಿನಿಂದ ಭಾಗಿಸುತ್ತಾರೆ. 99ರ ಸದಸ್ಯತ್ವ, 35ರ ಚಾರ್ಜ್. ಮೂರು ಆರ್ಡರ್ ಆದರೆ ಗೆದ್ದೆವು ಎಂಬ ಲೆಕ್ಕ. ಈ ಲೆಕ್ಕದಲ್ಲಿ ಹುಳುಕಿದೆ. ಸದಸ್ಯರಾದ ಮೇಲೆ ಆರ್ಡರ್‌ಗಳ ಸಂಖ್ಯೆ ಮೊದಲಿನಷ್ಟೇ ಉಳಿಯುವುದಿಲ್ಲ. ತಿಂಗಳಿಗೆ ನಾಲ್ಕೇ ಆರ್ಡರ್ ಹಾಕುತ್ತಿದ್ದ ಮನೆ ಡೆಲಿವರಿಗೆ 35, ಹ್ಯಾಂಡ್ಲಿಂಗ್‌ಗೆ 10ರಂತೆ 180 ಕೊಡುತ್ತಿತ್ತು. ಸದಸ್ಯತ್ವ ಬಂದ ಮೇಲೆ ಕೊತ್ತಂಬರಿ ಕಟ್ಟಿಗೂ ಆಪ್ ತೆರೆದು ಹನ್ನೆರಡು ಸಣ್ಣ ಆರ್ಡರ್ ಹಾಕಿದರೆ ಹ್ಯಾಂಡ್ಲಿಂಗ್ ಒಂದೇ 120, ಅದಕ್ಕೆ 99 ಸೇರಿ 219. ಡೆಲಿವರಿ ಉಚಿತವಾಗಿಯೂ ಖರ್ಚು ಏರಿತು. ಪ್ರತಿ ಸಲ ಕಣ್ಣಿಗೆ ಬಿದ್ದು ಕೊಂಡದ್ದು ಬೇರೆ. ಹಳೆಯ ಮೂರು ತಿಂಗಳ ಆರ್ಡರ್ ಎಣಿಸಿ, ಅದೇ ಸಂಖ್ಯೆಗೆ ಸದಸ್ಯತ್ವ ಲಾಭವಾದರೆ ತಗೊಳ್ಳಿ. ತಗೊಂಡ ದಿನವೇ ತಾನಾಗಿ ನವೀಕರಣವಾಗುವುದನ್ನು ನಿಲ್ಲಿಸಿಡಿ.

ಆರ್ಡರ್ ಹೋದ ಮೇಲೂ ಬಿಲ್ ಅಲುಗಾಡುತ್ತದೆ. ಸಾಮಾನು ಇಲ್ಲದಿದ್ದರೆ ಏನು ಮಾಡಬೇಕೆಂದು ಪ್ರತಿ ಸಾಮಾನಿಗೂ ಮೊದಲೇ ಹೇಳುವ ಸೌಲಭ್ಯ ಇದ್ದರೆ ಬಳಸಿ. ಒಂದು ಕಿಲೋ ಪೊಟ್ಟಣ ಇಲ್ಲವೆಂದು ಅರ್ಧ ಕಿಲೋದ ಎರಡು ಕಳಿಸಿದರೆ ಕಿಲೋ ಬೆಲೆ ಏರಿರುತ್ತದೆ. ಬದಲಿ ಬೇಡವೆಂದರೆ ಆ ಸಾಮಾನು ಬಿಟ್ಟುಹೋಗಿ ಮೊತ್ತ 500ಕ್ಕಿಂತ ಕೆಳಗಿಳಿಯಬಹುದು. ಆಗ ಡೆಲಿವರಿ ಚಾರ್ಜ್ ಮತ್ತೆ ಹಾಕುತ್ತಾರೆಯೇ ಎಂಬುದನ್ನು ಸಹಾಯ ಪುಟದಲ್ಲಿ ಒಮ್ಮೆ ನೋಡಿಟ್ಟುಕೊಂಡರೆ ಸಾಕು. ಮಿತಿಗಿಂತ ಬರೀ ಹತ್ತು ಮೇಲೆ ನಿಲ್ಲುವ ಕಾರ್ಟ್ ಈ ಕಾರಣಕ್ಕೇ ಅಪಾಯ.

ತರಕಾರಿಯನ್ನು ಎಣಿಕೆಯಲ್ಲಿ ತರಿಸುವುದಕ್ಕಿಂತ ತೂಕದಲ್ಲಿ ತರಿಸುವುದು ಮೇಲು. ‘4 ಟೊಮೆಟೊ, ಸುಮಾರು 500 ಗ್ರಾಂ’ ಎಂದಿದ್ದರೆ ‘ಸುಮಾರು’ ಎಂಬ ಮಾತು ಹೆಚ್ಚಾಗಿ ಕೆಳಮುಖವಾಗಿಯೇ ಕೆಲಸ ಮಾಡುತ್ತದೆ.

ಬಾಗಿಲು ಬಡಿದಾಗ ಚೀಲ ಎಣಿಸಿ. ಚೀಟಿಯಲ್ಲಿ 1/3 ಎಂದಿದ್ದರೆ ಇನ್ನೆರಡು ಬರಬೇಕು. ತಂಪು ಸಾಮಾನು ಮೊದಲು ಒಳಗೆ. ಮೊಟ್ಟೆಯ ಡಬ್ಬಿ ತೆರೆದು ಪ್ರತಿ ಮೊಟ್ಟೆಯನ್ನೂ ಬೆರಳಿನಿಂದ ಸ್ವಲ್ಪ ತಿರುಗಿಸಿ ನೋಡಿ. ಕೆಳಗೆ ಒಡೆದದ್ದು ಡಬ್ಬಿಗೆ ಅಂಟಿಕೊಂಡಿರುತ್ತದೆ, ತಿರುಗುವುದಿಲ್ಲ. ಏನಾದರೂ ಹಾಳಾಗಿದ್ದರೆ ಚೀಲದ ಚೀಟಿಯೂ ಕಾಣುವಂತೆ ಒಂದು ಫೋಟೊ, ತೂಕ ಕಡಿಮೆಯಿದ್ದರೆ ತಕ್ಕಡಿಯ ಮೇಲಿಟ್ಟು ಇನ್ನೊಂದು. ಬೇಗ ಕೆಡುವ ಸಾಮಾನಿಗೆ ದೂರು ಕೊಡುವ ಅವಧಿ ಚಿಕ್ಕದು, ಅದೇ ಸಂಜೆ ಮುಗಿಸುವುದು ವಾಸಿ.

ರೀಫಂಡ್ ಬಂದಾಗ ಅಂಕಿ ಕಡಿಮೆಯಿದೆ ಎಂದು ಜಗಳ ತೆಗೆಯುವ ಮುನ್ನ ಕೂಪನ್ ಹಾಕಿದ್ದು ನೆನಪಿರಲಿ. 510ರ ಕಾರ್ಟ್‌ಗೆ 60 ಕಡಿತವಾದಾಗ ಅದನ್ನು ಎಲ್ಲ ಸಾಮಾನಿನ ಮೇಲೂ ಬೆಲೆಗೆ ತಕ್ಕಂತೆ ಹಂಚಿರುತ್ತಾರೆ. 85ರ ಮೊಟ್ಟೆಯ ಪಾಲು 10. ಆದ್ದರಿಂದ ಮರಳುವುದು 75, ಅದು ಸರಿಯಾದ ಲೆಕ್ಕವೇ. ಎಲ್ಲಿಗೆ ಮರಳಬೇಕು ಎಂದು ಕೇಳಿದಾಗ ಮಾತ್ರ ಅವಸರ ಬೇಡ. ವಾಲೆಟ್ ಎಂದು ಒತ್ತಿದರೆ ಕ್ಷಣದಲ್ಲಿ ಬರುತ್ತದೆ, ಆದರೆ ಅಲ್ಲೇ ಖರ್ಚು ಮಾಡಬೇಕು, ಎಷ್ಟೋ ಸಲ ಕೊನೆಯ ದಿನಾಂಕವೂ ಇರುತ್ತದೆ. ಬ್ಯಾಂಕ್ ಖಾತೆಗೆ ಎಂದರೆ ಕೆಲವು ದಿನ ಹಿಡಿಯುತ್ತದೆ. ರೀಫಂಡಿನ ಉಲ್ಲೇಖ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟು, ವಾರದ ನಂತರ ಖಾತೆಯಲ್ಲಿ ಆ 75 ಬಿದ್ದಿದೆಯೇ ಎಂದು ತಾಳೆ ನೋಡಿ.